ಮೊಮ್ಮಗಳ ಹುಬ್ಬಿನ ಮೇಲಿನ ಕಲೆ

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ವರ್ಷದ ತೊಗರಿ ಬೇಳೆಗೆ ಔಡಲೆಣ್ಣೆ ಹಚ್ಚುತ್ತ ಕುಳಿತಿದ್ದೆ. ಎರಡೂ ಅಂಗೈಗೆ ಎಣ್ಣೆ ಬಳಿದುಕೊಂಡು ಬೇಳೆಯನ್ನು ತಿಕ್ಕುತ್ತ ಹೋಗಬೇಕು. ಒಂದೊಂದು ಬೇಳೆಗೂ ಮಿಂಚು ಬಂದರೆ ಹುಳ ಹತ್ತಿರ ಸುಳಿಯುವುದಿಲ್ಲ. ಅರ್ಧ ಚೀಲ ಮುಗಿದಿತ್ತು, ಅರ್ಧ ಬಾಕಿ ಇತ್ತು. ಆಗ ಫೋನು ಬಡಿದುಕೊಳ್ಳತೊಡಗಿತು. ಕೈಯೆಲ್ಲ ಎಣ್ಣೆ. ಬಗ್ಗಿ ಮೂಗಿನ ತುದಿಯಿಂದ ಒತ್ತಿದೆ.

ಕಮಲಾಪುರದಿಂದ ಬೀಗತಿ, ನನ್ನ ಸೊಸೆಯ ತಾಯಿ. “ಅಕ್ಕೋರ, ಗಾಬರಿ ಆಗಬ್ಯಾಡ್ರಿ” ಎಂದರು. ಹಾಗೆಂದ ಮೇಲೆ ಗಾಬರಿಯಾಗದೆ ಇರುವವರು ಯಾರು?

“ಏನಾತ್ರೀ?”

“ಕೂಸು ಬಿತ್ತರೀ. ಹೊಸ್ತಿಲಾ ಎಡವಿ ಫರಸಿ ಕಲ್ಲಿನ ಮ್ಯಾಲೆ. ಹಣಿಗೆ ಒಂದೀಟು ತಾಗೇದ. ರಕ್ತ ಅಂತೂ ಆಗಳೇ ನಿಂತದ. ಈಗ ಬಾಳೆಹಣ್ಣು ತಿನ್ನಾಕತ್ತಾಳ.”

“ಕಣ್ಣಿಗೇನೂ ಆಗಿಲ್ಲಲ್ರೀ?”

“ಇಲ್ರೀ, ಹುಬ್ಬಿನ ಮ್ಯಾಲೆ. ನನ್ನ ಮಗಳಿಗೆ ನೀವೇ ಹೇಳ್ರಿ ಅಕ್ಕೋರ. ಅಕಿಗೆ ಹೇಳಾಕ ನನಗ ಧೈರ್ಯ ಆಗವಲ್ದು.”

ಮೊಮ್ಮಗಳಿಗೆ ಆಗಷ್ಟೇ ಮೂರು ತುಂಬಿತ್ತು. ಸೊಸೆ ಶಾಲೆಯಲ್ಲಿ ಟೀಚರ್. ಪರೀಕ್ಷೆಯ ಕೆಲಸ ಹೆಚ್ಚಿದ್ದರಿಂದ ನಾಲ್ಕು ದಿನ ಇರಲೆಂದು ಮಗುವನ್ನು ತವರಿಗೆ ಬಿಟ್ಟು ಬಂದಿದ್ದಳು. ಬಿದ್ದದ್ದು ದೊಡ್ಡ ಮಾತಲ್ಲ, ಮಕ್ಕಳು ಬೀಳುತ್ತವೆ. ಬೀಗತಿಗೆ ಧೈರ್ಯವಾಗದ ಕಾರಣ ಬೇರೆ ಇತ್ತು.

ಸೊಸೆಯ ದವಡೆಯ ಅಂಚಿನಲ್ಲಿ ಹುಣಸೆಬೀಜದಷ್ಟು ದೊಡ್ಡ, ಗಟ್ಟಿಯಾದ ಕಲೆ ಇದೆ. ಚಿಕ್ಕವಳಿದ್ದಾಗ ತವರಿನ ಬಾಳೆ ತೋಟದಲ್ಲಿ ಬಿದ್ದು ತರಚಿದ್ದು. ಗಾಯ ಉಗುರಿನಷ್ಟೇ ಇತ್ತಂತೆ. ಮಾಯ್ದ ಮೇಲೆ ಉಬ್ಬಿತು, ಗಾಯವಿದ್ದ ಜಾಗ ದಾಟಿ ಆಚೆಗೂ ಬೆಳೆಯಿತು. ಶಾಲೆಯಲ್ಲಿ ಮಕ್ಕಳು ಆಡಿಕೊಂಡರು. ಹೆಣ್ಣು ನೋಡಲು ಬಂದ ಒಂದು ಮನೆಯವರು, ಇದೇನು ರೋಗವೇ ಎಂದು ಕೇಳಿ ಎದ್ದು ಹೋದರು. ಈಗಲೂ ಫೋಟೋ ತೆಗೆಯುವಾಗ ಅವಳ ಕೈ ತಾನಾಗಿಯೇ ದವಡೆಗೆ ಹೋಗುತ್ತದೆ. ಮದುವೆಯ ಆಲ್ಬಮ್ಮಿನ ತುಂಬ ಆಕೆ ಏನೋ ಚಿಂತೆ ಮಾಡುತ್ತ ಕುಳಿತಂತೆ ಕಾಣುತ್ತಾಳೆ. ಅದು ಚಿಂತೆಯಲ್ಲ, ಕೈ ಮಾತ್ರ ಎಂದು ನಮಗೆ ಗೊತ್ತು.

ಶಾಲೆಗೆ ಫೋನು ಮಾಡಿ ಹೇಳಿದೆ. ಪೆಟ್ಟು ಮುಖಕ್ಕೋ ಎಂಬುದೊಂದನ್ನೇ ಅವಳು ಕೇಳಿದಳು: “ಮಾರಿಗೇನ್ರೀ ಅತ್ತಿ?”

ಬೇಳೆಯನ್ನು ಹಾಗೇ ಬಿಟ್ಟು, ಪಕ್ಕದ ಮನೆಯಾಕೆಗೆ ಕೂಗಿ ಹೇಳಿ, ಬಸ್‌ಸ್ಟ್ಯಾಂಡಿಗೆ ಓಡಿದೆ. ಸೊಸೆ ಶಾಲೆಯಿಂದ ನೇರವಾಗಿ ಅಲ್ಲಿಗೇ ಬಂದಳು. ಬಸ್ಸು ಹೊರಡಲು ತಯಾರಾಗಿ ನಿಂತಿತ್ತು, ಕೂಡಲು ಸೀಟೂ ಸಿಕ್ಕಿತು. ಶಿವ ಅಷ್ಟು ಮಾಡಿದ. ಮಹಾಗಾಂವ ಕ್ರಾಸ್ ದಾಟುವವರೆಗೆ ಅವಳ ಕೈ ದವಡೆಯ ಮೇಲಿತ್ತು.

ಅಂಗಳದಲ್ಲಿ ಮೊಮ್ಮಗಳು ಕುಣಿಯುತ್ತಿದ್ದಳು. ಎಡ ಹುಬ್ಬಿನ ಮೇಲೆ ದೃಷ್ಟಿಬೊಟ್ಟು ಜಾರಿ ಹರಡಿದಂತೆ ಕರಿಯ ಮಚ್ಚೆ. ಮುಟ್ಟಿ ನೋಡಿದರೆ ಒಣಗಿ ಬಿಗಿದಿತ್ತು.

“ಇದೇನ್ರೀ ಬೀಗರ, ಇಷ್ಟು ಕರ್ರಗ?”

“ಬಾಳೆದಿಂಡಿನ ನೀರ್ರೀ. ದಿಂಡು ಕೊಯ್ದು ಹಿಂಡಿದೆ. ಹಚ್ಚಿದ ಗಳಿಗ್ಯಾಗ ರಕ್ತ ನಿಂತು ಹೋತು. ತೋಟದಾಗ ಕುಡಗೋಲು ತಾಗಿದ್ರ ನಾವು ಇದನ್ನೇ ಹಚ್ಚೋದು.” ಹೇಳುವಾಗ ಬೀಗತಿಯ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಸೊಸೆ ಮಗುವನ್ನು ಎತ್ತಿಕೊಂಡು ತಾಯಿಯ ಕಡೆ ನೋಡಿದಳು. “ನನಗೂ ಇದನ್ನೇ ಹಚ್ಚಿದ್ದೆಲ್ಲವ್ವಾ.”

ಬೀಗತಿ ಒಳಗೆ ಹೋಗಿ ನಮಗೆ ಚಹಾಕ್ಕಿಟ್ಟರು.

ಮಗುವನ್ನು ಕರೆದುಕೊಂಡು ಕಲಬುರಗಿಗೆ ಮರಳಿ, ಮರುದಿನ ಚರ್ಮದ ವೈದ್ಯೆಯ ಹತ್ತಿರ ಹೋದೆವು. ಮೋಮಿನಪುರದ ಆಚೆಯ ಗಲ್ಲಿಯಲ್ಲಿ ಅವರ ದವಾಖಾನೆ. ಮಕ್ಕಳ ಮೈಮೇಲೆ ಬಿದ್ದ ಕಲೆಗಳನ್ನು ಚೆನ್ನಾಗಿ ನೋಡುತ್ತಾರೆಂದು ಸೊಸೆಯ ಜೊತೆಯ ಟೀಚರ್ ಒಬ್ಬರು ಹೇಳಿದ್ದರು. ಮೊಮ್ಮಗಳು ಗೊಂಬೆಯನ್ನು ಕಂಕುಳಲ್ಲಿ ಹಿಡಿದೇ ಒಳಗೆ ಬಂದಳು.

“ಬೇಟಾ, ಮೊದಲ ಯಾರಿಗೆ ತೋರಿಸ್ಕೋತಿ, ನೀನೋ ಗೊಂಬಿಯೋ?” ಎಂದು ವೈದ್ಯೆ ಕೇಳಿದರು.

“ಗೊಂಬಿ” ಎಂದಳು. ಗೊಂಬೆಯ ಹಣೆಗೆ ಒದ್ದೆ ಹತ್ತಿಬಟ್ಟೆ ಇಟ್ಟ ಮೇಲೆ ತನ್ನ ಹಣೆಗೂ ಇಡಗೊಟ್ಟಳು.

ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಯದ ಮೇಲೆ ಇಟ್ಟು, ಒಣಗಿದ್ದೆಲ್ಲ ಮೆತ್ತಗಾಗುವವರೆಗೆ ವೈದ್ಯೆ ಕಾದರು. ಆಮೇಲೆ ಸಣ್ಣ ಚಿಮಟದಿಂದ ಬಾಳೆದಿಂಡಿನ ಕೂದಲಿನಂಥ ಎಳೆಗಳನ್ನೂ ಫರಸಿಯ ಧೂಳನ್ನೂ ತೆಗೆದರು. ಕೆಳಗಿದ್ದ ಗಾಯ ಎಷ್ಟು ಸಣ್ಣದೆಂದರೆ ನಮಗೆ ನಾಚಿಕೆಯಾಗಬೇಕು. ಹೊಲಿಗೆ ಬೇಡ, ಅಂಚುಗಳು ತಾವೇ ಕೂಡಿವೆ ಎಂದರು.

“ಈ ಕರೀ ಬಣ್ಣ ಗಾಯದ್ದಲ್ರೀ, ಬಾಳೆನೀರಿಂದು. ಅರಿವಿ-ಬಟ್ಟಿಗೆ ಬಿದ್ರ ಜನ್ಮದಾಗ ಹೋಗಂಗಿಲ್ಲ. ಚರ್ಮದ ಮ್ಯಾಲಿಂದು ಮ್ಯಾಲಿನ ಪೊರಿ ಜೋಡಿ ತಾನೇ ಉದುರತದ. ತಿಕ್ಕಬ್ಯಾಡ್ರಿ ಅಷ್ಟೇ.”

ಸೊಸೆ ಸೆರಗು ಸರಿಸಿ ದವಡೆ ತೋರಿಸಿದಳು. ಹೊರಗಿನವರ ಮುಂದೆ ಆಕೆ ಅದನ್ನು ತಾನಾಗಿ ತೋರಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. “ಇಕಿಗೂ ಹಿಂಗ ಆಗತದೇನ್ರೀ ಮೇಡಂ?”

ವೈದ್ಯೆ ಆ ಕಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. “ಆಗಬಹುದು, ಆಗದೇನೂ ಇರಬಹುದು. ಈ ಗುಣ ಮನೆತನದಾಗ ಬರತದ. ಹಣಿ ಮ್ಯಾಲೆ ಕಮ್ಮಿ, ಅದೊಂದು ಸಮಾಧಾನ. ನೋಡ್ರಿ, ಕಲೆ ಉಬ್ಬಿದ್ರೂ ಗಾಯದ ಗಡಿಯೊಳಗ ಇದ್ರ ನಿಧಾನಕ್ಕ ಇಳೀತದ. ಗಡಿ ದಾಟಿದ್ರ ಮಾತ್ರ ಬ್ಯಾರೆ. ಆಗ ಕಲೆಯೊಳಗೇ ಸೂಜಿ ಹಾಕಬೇಕಾಗತದ, ಮ್ಯಾಲಿಂದ ಮ್ಯಾಲೆ. ಇಷ್ಟು ಸಣ್ಣ ಕೂಸಿಗೆ ಅದು ಭಾಳ ತ್ರಾಸು. ಅದಕ್ಕ ಈಗ ಮಾಡೋ ಕೆಲಸ ಒಂದೇ, ಗಾಯಾನ ಕೆಣಕಬಾರದು.”

ಆ ಕೆಲಸ ನನ್ನ ಪಾಲಿಗೆ ಬಂತು. ಮಗ, ಸೊಸೆ ಇಬ್ಬರೂ ಮುಂಜಾನೆ ಹೊರಟುಬಿಡುತ್ತಾರೆ. ಮನೆಯಲ್ಲಿರುವವಳು ನಾನು.

ಮೊದಲ ವಾರಗಳ ಪಾಠ ಹೀಗಿತ್ತು. ತಣ್ಣೀರು, ಮೆತ್ತನೆಯ ಸಾಬೂನಿನಿಂದ ಗಾಯ ತೊಳೆಯಬೇಕು. ಹಳೆಯ ಧೋತರದ ಬಟ್ಟೆಯಿಂದ ಒತ್ತಿ ಒರೆಸಬೇಕು, ಎಳೆದು ಒರೆಸಬಾರದು. ವ್ಯಾಸಲೀನನ್ನು ಹೊಳಪು ಬರುವಷ್ಟು ಮಾತ್ರ ಸವರಿ ಸಣ್ಣ ಪಟ್ಟಿ ಅಂಟಿಸಬೇಕು. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಒಳ್ಳೆಯದೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ, ಒಣಗಗೊಡದಿದ್ದರೆ ಕಲೆ ಸಣ್ಣದಾಗುತ್ತದಂತೆ. ಸರಿ, ಅರವತ್ತು ಸಮೀಪಿಸಿದ ಮೇಲೂ ಕಲಿಯುವುದಿರುತ್ತದೆ.

ಆದರೆ ಕಲಬುರಗಿಯ ಬಿಸಿಲಿನಲ್ಲಿ ಯಾವ ಪಟ್ಟಿ ನಿಲ್ಲುತ್ತದೆ? ಬೆವರಿಗೆ ಮಧ್ಯಾಹ್ನದೊಳಗೆ ಜೋತುಬೀಳುತ್ತಿತ್ತು. ಜೋತುಬಿದ್ದದ್ದನ್ನು ಮೊಮ್ಮಗಳು ಕಿತ್ತು ಗೋಡೆಗೆ ಅಂಟಿಸುತ್ತಿದ್ದಳು. ಕೊನೆಗೆ ವೈದ್ಯೆಯ ಉಪಾಯವನ್ನೇ ಹಿಡಿದೆ. ಗೊಂಬೆಯ ಹುಬ್ಬಿನ ಮೇಲೂ ಒಂದು ಪಟ್ಟಿ ಅಂಟಿಸಿ, “ಇದನ್ನ ನೀ ಕಾಯಬೇಕು. ಯಾರಿಗೂ ಕೀಳಗೊಡಬ್ಯಾಡ” ಎಂದೆ. ಅಂದಿನಿಂದ ಆಕೆ ಗೊಂಬೆಯನ್ನು ಕಾದಳು, ತನ್ನದನ್ನು ಮರೆತಳು. ಉಗುರನ್ನು ನಿದ್ದೆಯಲ್ಲಿದ್ದಾಗ ಕತ್ತರಿಸುತ್ತಿದ್ದೆ. ಬಿಸಿಲು ಬಿದ್ದರೆ ಕಲೆ ಕಪ್ಪಾಗುತ್ತದೆ ಎಂದಿದ್ದರು. ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಮುಂದೆ ಅಂಚು ಚಾಚಿದ ಕುಲಾಯಿ ಹೊಲಿದೆ. ಒಂದು ಆಕೆಗೆ, ಒಂದು ಗೊಂಬೆಗೆ.

ಹೇಳುವವರಿಗೆ ಬರವಿರಲಿಲ್ಲ. ಲಿಂಬೆರಸ ಹಚ್ಚಿ ಎಂದರು, ಅರಿಷಿಣ ಎಂದರು, ಹಾಲಿನ ಕೆನೆ ಎಂದರು. ಎಲ್ಲರಿಗೂ “ಡಾಕ್ಟರ್ ಏನೂ ಹಚ್ಚಬ್ಯಾಡ ಅಂದಾರ್ರೀ” ಎಂದು ಒಂದೇ ಉತ್ತರ ಕೊಟ್ಟೆ. ಪಕ್ಕದ ಮನೆಯಾಕೆ ಮಾತ್ರ ಏನೂ ಹೇಳಲಿಲ್ಲ. ನಾನು ಕಮಲಾಪುರಕ್ಕೆ ಓಡಿದ ದಿನ ಆಕೆ ನನ್ನ ಮಾಳಿಗೆ ಹತ್ತಿ ಉಳಿದ ಬೇಳೆಗೂ ಎಣ್ಣೆ ಹಚ್ಚಿ ಡಬ್ಬಿ ತುಂಬಿಸಿಟ್ಟಿದ್ದಳು. ಅಂಥವರು ಪಕ್ಕದಲ್ಲಿರುವುದೇ ಪುಣ್ಯ.

ಗಾಯ ಕೂಡಿತು. ಬಾಳೆನೀರಿನ ಕರಿ ಬಣ್ಣ ವೈದ್ಯೆ ಹೇಳಿದಂತೆಯೇ ಪೊರೆಪೊರೆಯಾಗಿ ಉದುರಿತು. ಅಡಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಗೆರೆ ಉಳಿಯಿತು. ಪಟ್ಟಿ ಇದ್ದಷ್ಟು ದಿನ ನಾನು ಮಗುವಿನ ಹಣೆಯ ಬಲಭಾಗಕ್ಕಷ್ಟೇ ವಿಭೂತಿ ಇಡುತ್ತಿದ್ದೆ. ಪಟ್ಟಿ ತೆಗೆದ ಮರುದಿನ ಹಣೆಯ ತುಂಬ ಮೂರು ಗೆರೆ ಎಳೆದು, ದೇವರ ಮುಂದೆ ನಿಲ್ಲಿಸಿ ಕೈ ಮುಗಿಸಿದೆ. ಮನಸ್ಸು ತುಂಬಿತು.

ಆಮೇಲಿನದು ಎರಡನೆಯ ಪಾಠ. ವೈದ್ಯೆ ಸಿಲಿಕೋನ್ ಜೆಲ್ ಎಂಬ ಔಷಧ ಕೊಟ್ಟರು. ಮುಂಜಾನೆ ಸ್ನಾನವಾದ ಮೇಲೊಮ್ಮೆ, ಮಲಗುವ ಮುಂದೊಮ್ಮೆ ಅಕ್ಕಿಕಾಳಿನಷ್ಟು ತೆಗೆದು, ತೆಳುವಾಗಿ ಸವರಿ, ಆರಲು ಬಿಡಬೇಕು. ಅದು ಗೆರೆಯ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತದೆ. ಒಳಗಿನ ತೇವ ಹೊರಗೆ ಹೋಗಗೊಡದು. ಅದರಿಂದ ಚರ್ಮ ಉಬ್ಬುವುದು ತಪ್ಪುತ್ತದೆ. ನಾನು ಒಂದು ದಿನವೂ ತಪ್ಪಿಸಲಿಲ್ಲ.

ಆದರೂ ಬಿಸಿಲು ಏರುತ್ತಿದ್ದಂತೆ ಗೆರೆಯೂ ಕೆಂಪೇರತೊಡಗಿತು. ಬೆರಳಾಡಿಸಿದರೆ ದಾರ ಹೊಲಿದಂತೆ ಗಟ್ಟಿ. ಸೊಸೆ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಮಗುವಿನ ಹಣೆ ನೋಡುತ್ತಿದ್ದಳು. ಒಂದು ಕೈ ಮಗುವಿನ ಹುಬ್ಬಿನ ಮೇಲೆ, ಇನ್ನೊಂದು ತನ್ನ ದವಡೆಯ ಮೇಲೆ. ಎರಡನ್ನೂ ಮುಟ್ಟಿ ತೂಗಿ ನೋಡುತ್ತಾಳೆ ಅನಿಸುತ್ತಿತ್ತು. ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ವೈದ್ಯೆಗೂ ಅಚ್ಚರಿಯಾಯಿತು. “ಸ್ವಲ್ಪ ಕೆಂಪಾಗೋದು ಸಹಜರೀ. ಆದ್ರ ಇದು ಹೆಚ್ಚಾಗೇದ. ಯಾರರ ಉಜ್ಜಾಕತ್ತಾರೇನು?”

“ಇಲ್ರೀ.”

“ಅರಿಷಿಣ, ಎಣ್ಣಿ, ಪೌಡರ್?”

“ಇಲ್ರೀ ಮೇಡಂ. ನಮ್ಮ ಮನ್ಯಾಗ ಪೌಡರ್ ಡಬ್ಬಿನೇ ಇಲ್ಲ” ಎಂದೆ. ಸುಳ್ಳು ಹೇಳಲಿಲ್ಲ. ನಾನು ತಿಳಿದದ್ದು ಅಷ್ಟೇ.

“ಗಡಿ ಅಂತೂ ಇನ್ನೂ ದಾಟಿಲ್ಲ. ತಿಂಗಳು ನೋಡೂಣು. ಹಿಂಗೇ ಬೆಳೆದ್ರ ಸೂಜಿ ವಿಚಾರ ಮಾಡಬೇಕಾಗತದ.”

ಹೊರಗೆ ಬಂದು ಆಟೋ ಹತ್ತುವ ಮುಂಚೆಯೇ ಸೊಸೆ ತಾಯಿಗೆ ಫೋನು ಮಾಡಿದಳು. ನಡುವೆ ಒಂದು ದಿನ ನೆಂಟರ ಕೂಸಿನ ತೊಟ್ಟಿಲಿಗೆಂದು ಮಗುವನ್ನು ಕರೆದುಕೊಂಡು ಕಮಲಾಪುರಕ್ಕೆ ಹೋಗಿ ಬಂದಿದ್ದಳು.

“ಅವ್ವಾ, ಅವತ್ತು ನೀ ಕೂಸಿಗೆ ಏನರ ಹಚ್ಚಿದೇನು? ಖರೇ ಹೇಳು.”

ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ.

“ನಂದು ಉಬ್ಬಿದಾಗೂ ಏನೂ ಆಗಂಗಿಲ್ಲ, ಇಳೀತದ ಅಂದಿದ್ದಿ. ಇಳೀತೇನು? ಇನ್ನ ಇದು ವಾಸಿ ಆಗೋತನ ಕೂಸು ಕಮಲಾಪುರಕ್ಕ ಬರಂಗಿಲ್ಲ.”

ಫೋನು ಇಟ್ಟಳು. ನಾನು ನಡುವೆ ಬಾಯಿ ಹಾಕಲಿಲ್ಲ. ಮನಸ್ಸಿನಲ್ಲಿ ನನಗೂ ಬೀಗತಿಯ ಮೇಲೆ ಅನುಮಾನವಿತ್ತು. ಅದನ್ನು ಇಲ್ಲಿ ಬರೆದೇ ಹೇಳಬೇಕು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಬಾಗಿಲು ಬಡಿದ ಸದ್ದು. ಬೀಗತಿ, ಮೊದಲ ಬಸ್ಸಿಗೆ ಬಂದಿದ್ದರು. ಚೀಲದಲ್ಲಿ ಅವರ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪು. ಮಗ, ಸೊಸೆ ಆಗಲೇ ಹೊರಟುಹೋಗಿದ್ದರು. ಮೊಮ್ಮಗಳು ಓಡಿ ಹೋಗಿ ಅವರ ಕಾಲು ತಬ್ಬಿಕೊಂಡಳು.

“ಬರ್ರಿ ಬೀಗರ. ಒಳಗ ಬರ್ರಿ.”

“ಕೂಸಿನ್ನ ನೋಡಾಕ ಬಂದೀನ್ರೀ ಅಕ್ಕೋರ, ಮುಟ್ಟಾಕಲ್ಲ” ಎಂದು ಅವರು ಕಂಬಕ್ಕೆ ಒರಗಿ ಕುಳಿತು, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಚಹಾ ಕೊಟ್ಟಾಗ ಮಾತ್ರ ಒಂದು ಕೈ ಹೊರಗೆ ಬಂತು.

ನಾನು ನನ್ನ ಕೆಲಸ ನಡೆಸಿದೆ. ಮಗುವಿಗೆ ಸ್ನಾನ ಮಾಡಿಸಿದೆ, ಹಣೆಯನ್ನು ಒತ್ತಿ ಒರೆಸಿದೆ, ಜೆಲ್ ಸವರಿದೆ. ಅವರು ಕಣ್ಣು ಕೀಲಿಸಿ ನೋಡುತ್ತಿದ್ದರು. ನನಗೂ ಹುರುಪು ಬಂತು. ನೋಡಲಿ, ಕ್ರಮವೆಂದರೆ ಹೀಗೆ ಎಂದುಕೊಂಡೆ. ಆಮೇಲೆ ದೇವರ ಜಗುಲಿಯ ಮುಂದೆ ಕರೆದೊಯ್ದು, ವಿಭೂತಿ ಗಟ್ಟಿಯ ಮೇಲೆ ಎರಡು ಹನಿ ನೀರು ಹಾಕಿ, ಮೂರು ಬೆರಳಿನಿಂದ ತೇಯ್ದು, ಮಗುವಿನ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದೆ. ಮೂರು ವರ್ಷದ ಮಗುವಿನ ಹಣೆ ಎಷ್ಟಿರುತ್ತದೆ? ದೊಡ್ಡವರ ಮೂರು ಬೆರಳಿಟ್ಟರೆ ಹುಬ್ಬಿನಿಂದ ಕೂದಲಿನವರೆಗೆ ಮುಗಿಯಿತು.

“ಅಕ್ಕೋರ, ಈಗ ನೀವು ಮಾಡಿದ್ದೇನ್ರೀ?”

“ಯಾಕ್ರೀ? ವಿಭೂತಿ ಇಟ್ಟೆ.”

“ಡಾಕ್ಟರ್ ಏನೂ ಹಚ್ಚಬ್ಯಾಡ ಅಂದಾರಂತ ನನ್ನ ಮಗಳು ನನ್ನ ಕೈ ಕಟ್ಟಿ ಕೂಡ್ಸ್ಯಾಳ. ನಿಮ್ಮ ಮೂರು ಬೆರಳಿಗೆ ಬ್ಯಾರೆ ಡಾಕ್ಟರ್ ಅದಾರೇನ್ರೀ?”

ನನಗೆ ಸಿಟ್ಟು ಬಂತು. “ವಿಭೂತಿಗೆ ಹಂಗ ಅನ್ನಬ್ಯಾಡ್ರಿ ಬೀಗರ. ಅದೇನು ಬಾಳೆನೀರೇನು?”

“ನಾನೂ ವಿಭೂತಿ ಇಡಾಕಿನೇ ರೀ, ನನಗೇನು ಹೊಸಾದಲ್ಲ. ಆದ್ರ ಕೂಸಿನ್ನ ನೋಡ್ರಿ.”

ನೋಡಿದೆ. ವಿಭೂತಿ ಆರತೊಡಗಿತ್ತು. ಆರುವಾಗ ಅದು ಚರ್ಮವನ್ನು ಬಿಗಿಯುತ್ತದೆ, ಸ್ವಲ್ಪ ತುರಿಕೆ ಬರುತ್ತದೆ. ನಮಗೆ ರೂಢಿಯಾಗಿ ಗೊತ್ತಾಗುವುದಿಲ್ಲ. ಮೊಮ್ಮಗಳು ಮಣಿಕಟ್ಟಿನ ಹಿಂಭಾಗದಿಂದ ಹಣೆಯನ್ನು ಗಸಗಸ ಉಜ್ಜಿಕೊಂಡಳು. ಬೂದಿಯ ಜೊತೆ ಜೆಲ್ಲಿನ ಪೊರೆಯೂ ಸುರುಳಿ ಸುರುಳಿಯಾಗಿ ಎದ್ದು ಉದುರಿತು. ಗೆರೆ ಕೆಂಪಗೆ ಎದ್ದು ಕಂಡಿತು.

ಈ ಉಜ್ಜಾಟ ನನಗೆ ಹೊಸದಲ್ಲ. ದಿನಾ ನೋಡುತ್ತಿದ್ದೆ. “ಒರಸ್ಕೋಬಾರದವ್ವಾ” ಎಂದು ಗದರಿ ಇನ್ನೊಮ್ಮೆ ಗೆರೆ ಎಳೆಯುತ್ತಲೂ ಇದ್ದೆ. ವೈದ್ಯೆ ಪೌಡರ್ ಎಂದು ಕೇಳಿದಾಗ, ಉಜ್ಜುತ್ತೀರಾ ಎಂದು ಕೇಳಿದಾಗ ವಿಭೂತಿ ನೆನಪಿಗೇ ಬರಲಿಲ್ಲ. ಅದು ಹಚ್ಚುವ ಸಾಮಾನು ಎಂದು ನನ್ನ ತಲೆ ಎಣಿಸಿಯೇ ಇರಲಿಲ್ಲ. ಸ್ನಾನದ ನೀರನ್ನು ಯಾರಾದರೂ ಔಷಧ ಎಂದು ಎಣಿಸುತ್ತಾರೆಯೇ, ಹಾಗೆ.

ಜಗುಲಿಯ ಮುಂದೆ ಕುಳಿತೆ. ಹುಟ್ಟಿದಾಗಿನಿಂದ ನಮ್ಮ ಮನೆಯ ಮಕ್ಕಳ ಹಣೆ ಬರಿದಾಗಿ ಇದ್ದದ್ದಿಲ್ಲ. ಜ್ವರ ಬಂದರೆ ವಿಭೂತಿ, ಬೆದರಿದರೆ ವಿಭೂತಿ, ಊರಿಗೆ ಹೊರಟರೆ ವಿಭೂತಿ. ನನ್ನ ಅತ್ತೆ ತೀರಿಹೋಗುವಾಗ ಕೊನೆಗೆ ಮಾಡಿದ್ದೂ ನನ್ನ ಮಗನ ಹಣೆಗೆ ವಿಭೂತಿ ಇಟ್ಟದ್ದೇ. ಈಗ ನಾನೇ ಕೈ ಹಿಂದೆ ತೆಗೆದುಕೊಂಡರೆ ದೇವರು ಏನೆಂದಾನು? ಇಡುತ್ತ ಹೋದರೆ ಮಗುವಿನ ಹಣೆಗೆ ಸೂಜಿ ಬಂದೀತು. ಸೊಸೆಯ ಆಲ್ಬಮ್ಮು ನೆನಪಾಯಿತು.  ಬೀಗತಿಯ ಮುಖದಲ್ಲಿ ಗೆದ್ದೆನೆಂಬ ಭಾವವಿರಲಿಲ್ಲ.

ಎದ್ದು ಬಟ್ಟೆ ಒದ್ದೆ ಮಾಡಿ ಮಗುವಿನ ಹಣೆಯ ವಿಭೂತಿಯನ್ನು ನನ್ನ ಕೈಯಾರೆ ತೆಗೆದೆ. ಒತ್ತಿ ತೆಗೆದೆ, ಎಳೆಯಲಿಲ್ಲ. ಮತ್ತೆ ಜೆಲ್ ಸವರಿದೆ. ಅಂಗಿಯ ತೋಳು ಮೇಲಕ್ಕೆ ಸರಿಸಿ ರಟ್ಟೆಯ ಮೇಲೆ ಮೂರು ಗೆರೆ ಎಳೆದೆ. ತೋಳಿಗೂ ಎದೆಗೂ ವಿಭೂತಿ ಇಡುವುದು ನಮ್ಮಲ್ಲಿ ಇದ್ದದ್ದೇ. ಹಣೆಯನ್ನು ಬಿಟ್ಟು ಇಟ್ಟವರು ಮಾತ್ರ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

“ಇದು ವಾಸಿ ಆಗೋತನ ಹಿಂಗೇ ರೀ ಬೀಗರ” ಎಂದೆ. “ಕೈ ಬಿಚ್ಚರಿ ಇನ್ನ. ಸೆರಗು ಹರೀತದ.”

ಅವರು ನಕ್ಕು ಕೈ ಬಿಚ್ಚಿದರು. ಮಗುವಿಗೆ ಬಾಳೆಹಣ್ಣು ಸುಲಿದು ಕೊಟ್ಟರು.

ಅಂದೇ ಸಂಜೆ ಸೊಸೆಯನ್ನೂ ಬೀಗತಿಯನ್ನೂ ಕರೆದುಕೊಂಡು ವೈದ್ಯೆಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯುತ್ತಾರೆಂದು ತಿಳಿದಿದ್ದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು.

“ಬೂದಿ ಒಣಾ ಇರತದರೀ, ತೇವ ಹೀರ್ಕೋತದ. ಅದರ ಮ್ಯಾಲೆ ಬೆರಳಿನ ತಿಕ್ಕಾಟ, ಕೂಸಿನ ತುರಿಕಿ. ಜೆಲ್ ಕುಂದ್ರೂದು ಹ್ಯಾಂಗ? ನಮ್ಮ ಮನ್ಯಾಗೂ ಇದೇ ಕಥಿ. ನನ್ನ ತಂಗಿ ಮಗನ ಮಳಕಾಲು ತರಚಿತ್ತು. ಏನೂ ಹಚ್ಚಿಲ್ಲ ಅಂತ ನಮ್ಮ ಅಮ್ಮಿ ಆಣಿ ಮಾಡಿ ಹೇಳಿದ್ರು. ದರ್ಗಾದ ಊದಿನ ಬೂದಿ ದಿನಾ ಹಚ್ಚಾಕತ್ತಿದ್ರು. ಅದನ್ನ ಅವರು ಹಚ್ಚಿದ್ದು ಅಂತ ತಿಳಿದೇ ಇಲ್ಲ. ಇನ್ನ ಮ್ಯಾಗ ನಾನು ಕೇಳೋದನ್ನೇ ಬದಲಿ ಮಾಡತೀನ್ರಿ. ಮುಂಜಾನೆದ್ದು ಕೂಸಿನ ಹಣಿ ಯಾರ್ಯಾರು ಮುಟ್ಟತೀರಿ ಅಂತ ಕೇಳತೀನಿ.”

ಹೊರಗೆ ಆಟೋ ಕಾಯುವಾಗ ಸೊಸೆ ತಾಯಿಯ ಪಕ್ಕದಲ್ಲಿ ನಿಂತಳು. “ಅವ್ವಾ, ನಾ ಅವತ್ತು ಫೋನಿನ್ಯಾಗ...”

“ಇರ್ಲಿ ಬಿಡು. ನಿನ್ನ ಗಾಯಕ್ಕ ಬಾಳೆನೀರು ಹಚ್ಚಿ ಸುಮ್ಮ ಬಿಟ್ಟಾಕಿ ನಾನೇ. ಅದನ್ನ ಇಲ್ಲ ಅನ್ನಾಕ ಬರಂಗಿಲ್ಲ. ಆಗ ಯಾರೂ ಹೇಳಾವರಿದ್ದಿಲ್ಲ, ನಾನೂ ಕೇಳಲಿಲ್ಲ. ಇಕಿಗೆ ಮಾತ್ರ ಬಿದ್ದ ದಿನ ಬಿಟ್ರ ನಾ ಮುಟ್ಟಿಲ್ಲವ್ವಾ.” ಆಮೇಲೆ, “ನಿಮ್ಮ ಅತ್ತಿಗೂ ಏನೂ ಅನ್ನಬ್ಯಾಡ” ಎಂದರು. ನನಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲೇ ಹೇಳಿದರು. ಕೇಳಿಸಿತು.

ಆಮೇಲೆ ಕೆಲಸ ಸರಳವಾಗಲಿಲ್ಲ, ಬೇರೆ ಆಯಿತು. ಮಗುವಿನ ಹಣೆಯನ್ನು ಇಡೀ ಊರಿನಿಂದ ಕಾಯಬೇಕಾಯಿತು. ನಮ್ಮ ಕಡೆ ಮಕ್ಕಳು ಕಂಡರೆ ಹಿರಿಯರು ಹಣೆಗೆ ವಿಭೂತಿ ಇಡದೆ ಬಿಡುವುದಿಲ್ಲ. ಗುಡಿಯಲ್ಲಿ ಪೂಜಾರಿ, ಓಣಿಯಲ್ಲಿ ಮುತ್ಯಾಗಳು, ಮನೆಗೆ ಬಂದ ನೆಂಟರು. “ಯಾಕ ಬರೀ ಹಣಿ?” ಎಂದು ಕೇಳಿದವರಿಗೆಲ್ಲ ಮಗುವಿನ ತೋಳು ತೋರಿಸುತ್ತಿದ್ದೆ. ಕಮಲಾಪುರದಲ್ಲಿ ಆ ಕೆಲಸವನ್ನು ಬೀಗತಿ ನನಗಿಂತ ಜೋರಾಗಿ ಮಾಡಿದರು. ಮಗುವಿನ ಹಣೆಗೆ ಕೈ ಚಾಚಿದ ತಮ್ಮ ಅಣ್ಣನನ್ನೇ “ಕೈ ಹಿಂದ ತಗೋ” ಎಂದು ಗದರಿದರಂತೆ. ಜೆಲ್ ಹಚ್ಚುವುದನ್ನೂ ಕಲಿತರು. ಅಲ್ಲಿದ್ದ ದಿನಗಳಲ್ಲಿ ಅವರೇ ಸವರಿ, ಆರುವವರೆಗೆ ಮಗುವಿನ ಎರಡೂ ಕೈ ಹಿಡಿದುಕೊಂಡು ಚಪ್ಪಾಳೆ ಆಡಿಸುತ್ತಿದ್ದರಂತೆ. ಅದು ನನಗೆ ಹೊಳೆದಿರಲಿಲ್ಲ.

ನನಗೆ ಕಷ್ಟವಾದದ್ದು ಒಂದೇ ದಿನ. ಮಠದ ಅಯ್ಯನವರು ಭಿಕ್ಷಕ್ಕೆ ಬಂದಿದ್ದರು. ಮಗು ಪಾದಕ್ಕೆ ಬಿದ್ದು ಏಳುವಷ್ಟರಲ್ಲಿ ಅವರ ಮೂರು ಬೆರಳು ಹಣೆಯ ಹತ್ತಿರ ಬಂದಾಗಿತ್ತು. ನಾನು ನಡುವೆ ಅಂಗೈ ಅಡ್ಡ ಹಿಡಿದೆ. ಜನ್ಮದಲ್ಲಿ ಹಾಗೆ ಮಾಡಿದವಳಲ್ಲ.

“ಅಪ್ಪಾರ, ತಪ್ಪು ತಿಳೀಬ್ಯಾಡ್ರಿ. ಹಣಿಗೆ ಬ್ಯಾ​ಡ್ರಿ, ಗಾಯದ ಕಲೆ ಅದ. ತೋಳಿಗೆ ಇಡ್ರಿ.”

ಅವರು ಮಗುವಿನ ಹಣೆಯ ಗೆರೆಯನ್ನು ಬಗ್ಗಿ ನೋಡಿದರು, ತೋಳಿಗೆ ಇಟ್ಟರು. ಬೆರಳಲ್ಲಿ ಇನ್ನೂ ವಿಭೂತಿ ಉಳಿದಿತ್ತು. “ಇಕಿ ಹಣಿ ಪಾಲು ಅಲ್ಲೀತನ ನಿನ್ನ ಹಣಿ ಮ್ಯಾಲಿರಲಿ ತಗೋ” ಎಂದು ನನ್ನ ಗೆರೆಗಳ ಮೇಲೆಯೇ ಇನ್ನೊಮ್ಮೆ ಎಳೆದರು. ಆಮೇಲೆ, “ಊಟಕ್ಕೇನು ಮಾಡೀಯವ್ವಾ?” ಎಂದು ಕೇಳಿದರು. ನನ್ನ ಎದೆಯ ಭಾರ ಅಷ್ಟಕ್ಕೇ ಇಳಿಯಿತು. ಅಂದಿನಿಂದ ದಿನಾ ನನ್ನ ಹಣೆಗೆ ಎರಡು ಸಲ ಇಟ್ಟುಕೊಂಡೆ. ಒಂದು ನನ್ನದು, ಒಂದು ಮೊಮ್ಮಗಳದು.

ಕೆಂಪು ಮೊದಲು ಇಳಿಯಿತು. ಗಟ್ಟಿ ಇಳಿಯಲು ಹೊತ್ತು ಹಿಡಿಯಿತು. ಮುಂಗಾರು ಬಂದಾಗ ಗೆರೆ ಬೆರಳಿಗೆ ಇನ್ನೂ ಸಿಗುತ್ತಿತ್ತು. ಶ್ರಾವಣದ ಹೊತ್ತಿಗೆ ಹುಡುಕಿದರೆ ಮಾತ್ರ ಸಿಗುತ್ತಿತ್ತು. ವೈದ್ಯೆ ಬೆರಳಾಡಿಸಿ, “ಕುಂತದರೀ. ಗಡಿಯೊಳಗೇ ಕುಂತದ. ಬಿಳೀ ಗೆರಿ ಒಂದು ಉಳೀತದ, ಅದು ಹೋಗಂಗಿಲ್ಲ. ಸೂಜಿ ಬ್ಯಾಡ. ಇನ್ನ ವಿಭೂತಿ ಇಡ್ರಿ ಬೇಕಾದ್ರ, ಒತ್ತಿ ತಿಕ್ಕಬ್ಯಾಡ್ರಿ” ಎಂದರು. ಸೊಸೆ ಮಗುವನ್ನು ಎತ್ತಿಕೊಂಡಳು. ಹೊರಗೆ ಬಂದು ಬಿಸಿಲಿನಲ್ಲಿ ನಿಂತು ಮಗುವಿನ ಮುಖಕ್ಕೆ ಮುಖ ಹಚ್ಚಿ ಫೋಟೋ ತೆಗೆದುಕೊಂಡಳು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನು. ದವಡೆಗೆ ಹೋಗಲು ಕೈ ಉಳಿದಿರಲಿಲ್ಲ. ಆ ಫೋಟೋವನ್ನು ಬೀಗತಿಗೂ ಕಳಿಸಿದಳು.

ಮರುದಿನ ಶ್ರಾವಣ ಸೋಮವಾರ. ನಸುಕಿನಲ್ಲೇ ಬೇಳೆ ಬೇಯಲು ಇಟ್ಟು, ಮಗುವಿಗೆ ಸ್ನಾನ ಮಾಡಿಸಿ, ಜಗುಲಿಯ ಮುಂದೆ ಕರೆದೊಯ್ದೆ. ಗಟ್ಟಿಯ ಮೇಲೆ ನೀರು ಹಾಕಿ ತೇಯ್ದೆ. ಇಷ್ಟು ದಿನ ಕಾದ ಗಳಿಗೆ ಅದು. ಮೂರು ಬೆರಳನ್ನು ಹಣೆಯ ಹತ್ತಿರ ಒಯ್ದೆ.

ಮೊಮ್ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. “ಆಯಿ, ಅಲ್ಲಿ ಅಲ್ಲ” ಎಂದು ಅಂಗಿಯ ತೋಳು ಮೇಲಕ್ಕೆ ಸರಿಸಿ ರಟ್ಟೆ ಮುಂದೆ ಚಾಚಿದಳು. ಇನ್ನೊಂದು ಕೈಯಿಂದ ಗೊಂಬೆಯ ತೋಳನ್ನೂ ಚಾಚಿಸಿದಳು.

ಇಬ್ಬರ ತೋಳಿಗೂ ಇಟ್ಟೆ. ಉಳಿದದ್ದನ್ನು ಎಂದಿನಂತೆ ನನ್ನ ಹಣೆಗೆ ಎರಡನೆಯ ಸಲ ಎಳೆದುಕೊಂಡೆ. ಹಣೆಗೆ ನಾಳೆ ಇಟ್ಟರಾಯಿತು, ಆಕೆ ಒಪ್ಪಿದ ದಿನ ಇಟ್ಟರಾಯಿತು.

ಒಲೆಯ ಮೇಲೆ ಬೇಳೆ ಬೆಂದಿತ್ತು. ಅಂದು ಎಣ್ಣೆ ಹಚ್ಚಿದ ಬೇಳೆಯೇ. ಡಬ್ಬಿಯಲ್ಲಿ ಒಂದು ಹುಳವೂ ಬಿದ್ದಿರಲಿಲ್ಲ. ನೀರು ಬಸಿದು, ಬೆಲ್ಲ ಹಾಕಿ, ಹೋಳಿಗೆಯ ಹೂರಣ ರುಬ್ಬಲು ಕುಳಿತೆ.